ಆ ಊರಿನಲ್ಲಿ ಉಳಿದವಳು

ಅಮೆರಿಕದ ಆನ್ ಆರ್ಬರ್‌ಗೆ ಬರುವ ಮೊದಲು ನಾವು ನಾಲ್ಕು ವರ್ಷ ಜರ್ಮನಿಯ ಒಂದು ಸಣ್ಣ ಊರಿನಲ್ಲಿದ್ದೆವು. ನನ್ನ ಗಂಡನಿಗೆ ಅಲ್ಲಿ ಕಾರಿನ ಬ್ರೇಕ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಊರೆಂದರೆ ಒಂದು ಚರ್ಚು, ಸಂತೆ ನಡೆಯುವ ಚೌಕ, ಅರ್ಧ ಉಳಿದ ಕೋಟೆಗೋಡೆ. ಶನಿವಾರ ಪ್ರತಿಯೊಬ್ಬರೂ ತಮ್ಮ ಮನೆಯ ಮುಂದಿನ ಬೀದಿ ಗುಡಿಸಲೇಬೇಕು. ನಾನು ಗುಡಿಸಿದ್ದು ಸಾಲದೆಂದು ಮನೆಯೊಡತಿ ಅಜ್ಜಿ ಮತ್ತೊಮ್ಮೆ ಗುಡಿಸುತ್ತಿದ್ದರು.

ಊರಿನ ಚರಿತ್ರೆ ಹೇಳಿದವರೂ ಅವರೇ. ಒಮ್ಮೆ ಯುದ್ಧದಲ್ಲಿ ಸುಟ್ಟುಹೋಗಿತ್ತು, ಒಮ್ಮೆ ಪ್ಲೇಗಿನಲ್ಲಿ ಖಾಲಿಯಾಗಿತ್ತು. ಹೂಳಲು ಜಾಗ ಸಾಲದೆ ಹಳೆಯ ಎಲುಬುಗಳನ್ನು ಅಗೆದು ಚರ್ಚಿನ ಪಕ್ಕದ ಕೋಣೆಯಲ್ಲಿ ಜೋಡಿಸಿಟ್ಟಿದ್ದರಂತೆ. ಬಸುರಿಯಾಗಿದ್ದ ನಾನು ಆ ಕೋಣೆಯೊಳಗೆ ಕಾಲಿಡಲಿಲ್ಲ.

ನಮ್ಮ ಮೊದಲ ಮಗಳು ಒಂಬತ್ತು ದಿನ ಬದುಕಿದಳು. ಎಳೆಗೂಸನ್ನು ಸುಡುವ ಪದ್ಧತಿ ನಮ್ಮಲ್ಲಿಲ್ಲ. ಊರಿನ ಸ್ಮಶಾನದಲ್ಲಿ, ಮಕ್ಕಳ ಸಾಲಿನಲ್ಲಿ ಹೂತೆವು. ಮರುವರ್ಷ ಗಂಡನಿಗೆ ಡೆಟ್ರಾಯಿಟ್ ಕಡೆಗೆ ವರ್ಗವಾಯಿತು. ಮಗಳ ಸಮಾಧಿಯ ಹೂಗಿಡಗಳಿಗೆ ಅಜ್ಜಿ ತಾವಿರುವವರೆಗೆ ನೀರೆರೆದರು, ಪ್ರತಿ ವಸಂತದಲ್ಲಿ ಫೋಟೊ ಕಳಿಸಿದರು. ಅವರು ತೀರಿಕೊಂಡ ಮೇಲೆ ಫೋಟೊಗಳೂ ನಿಂತವು.

ಹೋದ ವರ್ಷ ಊರಿನ ಕಚೇರಿಯಿಂದ ಕಾಗದ ಬಂತು. ಸಮಾಧಿಗೆಂದು ಇಂತಿಷ್ಟು ವರ್ಷಕ್ಕೆ ಕೊಟ್ಟಿದ್ದ ಜಾಗದ ಅವಧಿ ಮುಗಿದಿದೆ, ಮಕ್ಕಳ ಸಾಲಿನಲ್ಲಿ ಮುಂದುವರಿಸುವಂತಿಲ್ಲ, ಸಮಾಧಿಯ ಕಲ್ಲು ಬೇಕಿದ್ದರೆ ಎರಡು ತಿಂಗಳೊಳಗೆ ಒಯ್ಯಬಹುದು.

"ಹೀಗಂತ ನಿಮಗೆ ಗೊತ್ತಿತ್ತಾ?" ಎಂದು ಗಂಡನನ್ನು ಕೇಳಿದೆ.

"ಸೈನ್ ಮಾಡುವಾಗ್ಲೇ ಹೇಳಿದ್ರು. ಆವತ್ತು ನಿನಗೆ ಹೇಗೆ ಹೇಳ್ಲಿ?"

"ಒಂದ್ಸಲ ಹೋಗ್ಬರೋಣ ರೀ."

"ಹೋಗಿ ಏನ್ ಮಾಡೋದು? ಕಲ್ಲು ತಂದು ಎಲ್ಲಿಡ್ತೀಯ, ಬೇಸ್‌ಮೆಂಟ್‌ನಲ್ಲಾ?"

ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಮರುದಿನ ಬೆಳಗಿನ ಆರಕ್ಕೆ ಎರಡನೆಯ ಮಗಳನ್ನು ಈಜು ಕಲಿಯಲು ಬಿಟ್ಟು, ಪಾರ್ಕಿಂಗ್ ಲಾಟ್‌ನಲ್ಲಿ ಕಾರೊಳಗೇ ಕೂತು ಆ ಕಚೇರಿಗೆ ಫೋನ್ ಮಾಡಿದೆ. ಮರೆತ ಜರ್ಮನ್‌ನಲ್ಲಿ ತಡವರಿಸುತ್ತಾ, ಅವಳನ್ನು ಹೊರಗೆ ತೆಗೆಯುತ್ತೀರಾ ಎಂದು ಕೇಳಿದೆ. ಇಲ್ಲ, ಕಲ್ಲು ತೆಗೆದು ಹುಲ್ಲು ಬಿತ್ತುತ್ತೇವೆ ಎಂದಳು ಫೋನೆತ್ತಿದ ಹೆಂಗಸು. ದನಿ ಮೃದುವಾಗಿತ್ತು. ಮಗುವಿನ ಹೆಸರೇನು ಎಂದಳು. ನಾಮಕರಣಕ್ಕೆ ಮುಂಚೆಯೇ ಹೋದವಳು.

"ಮಗಳು ಅಂತ ಬರೆದುಕೊಳ್ಳಿ," ಎಂದೆ.

ಆ ಎರಡು ತಿಂಗಳು ಕಳೆದು ಬಹಳ ದಿನವಾಯಿತು. ನಾನೂ ನನ್ನ ಗಂಡನೂ ಆ ವಿಷಯ ಎತ್ತುವುದಿಲ್ಲ. ಅಕ್ಕ ಇದ್ದಳೆಂದು ಎರಡನೆಯವಳಿಗೆ ಇನ್ನೂ ಹೇಳಿಲ್ಲ. ಎಲ್ಲಿದ್ದಾಳೆ ಎಂದು ಅವಳು ಕೇಳಿದರೆ ಕರೆದುಕೊಂಡು ಹೋಗಿ ನಿಲ್ಲಿಸಲು ನನಗೇ ಈಗ ಜಾಗ ಗೊತ್ತಾಗುವುದಿಲ್ಲ.