ಕೋರ್ಟಿನಲ್ಲಿ ಎಮ್ಮೆಯಾದ ತಾತ

ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಯಾವ ಮಾತಿಗೂ ಮೊದಲು ಮೀಸೆ ಸವರಿ, "ಮರ್ಯಾದೆ ಮುಖ್ಯ ಕಣ್ರೀ" ಎನ್ನುತ್ತಿದ್ದರು. ಮಗ ತೀರಿಕೊಂಡ ಮೇಲೆ ಮಾತಿಗೆ ಮಾತು ಬೆಳೆದು, ಸೊಸೆ ಮಗುವಿನೊಂದಿಗೆ ಬೇಲೂರಿನ ತವರು ಸೇರಿದಳು. ಮೊಮ್ಮಗಳನ್ನು ನೋಡಲು ಬಿಡದಿದ್ದಾಗ ಇವರು ಕೋರ್ಟಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ.

"ಈ ತಾತ ಗೊತ್ತಾ ಪುಟ್ಟಿ?" ನ್ಯಾಯಾಧೀಶರು ಕೇಳಿದರು.

ಮಗು ಅನುಮಾನದಿಂದ ನೋಡಿತು. "ನಮ್ ತಾತ ಆದ್ರೆ ಎಮ್ಮೆ ಥರ ಕೂಗ್ಬೇಕು."

ತಾತ ತಮ್ಮ ವಕೀಲರತ್ತ ನೋಡಿದರು. ವಕೀಲರು ಫ್ಯಾನು ನೋಡಿದರು. ಕೊನೆಗೆ ತಾತ ಕಟಕಟೆ ಹಿಡಿದು, ಕಣ್ಣು ಮುಚ್ಚಿ, ಎಮ್ಮೆಯಂತೆ ಉದ್ದಕ್ಕೆ ಕೂಗಿಯೇಬಿಟ್ಟರು. ಮಗು ಓಡಿಬಂದು ಅವರ ಕಾಲು ತಬ್ಬಿಕೊಂಡಿತು.

ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದ ಸೊಸೆ ಹೊರಗೆ ಬಂದು ಕಣ್ಣೊರೆಸಿಕೊಂಡಳು. "ಭಾನುವಾರ ಊಟಕ್ಕೆ ಬನ್ನಿ ಮಾವ. ಏನ್ ಮಾಡ್ಲಿ?"

ಅವರು ಮೊದಲು ಮೀಸೆ ಸವರಿದರು.

"ಹುಲ್ಲು" ಎಂದಿತು ಮಗು.