ಕೊನೆಯ ನಿಮಿಷದವರೆಗೂ ಕೇಳುವ ಟೇಪಕ್ಕ

ಬೆಳಿಗ್ಗೆ ಐದೂಕಾಲು. ಮನೆಯವರೆಲ್ಲ ಇನ್ನೂ ಮುಸುಕು ಹೊದ್ದು ಮಲಗಿದ್ದಾರೆ. ಅಡುಗೆಮನೆ ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ತೆರೆದು, ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತ ಟೇಪಕ್ಕನಿಗೆ ಮಾತ್ರ ಮೈಯೆಲ್ಲ ಕಿವಿ. ಈ ಹೊತ್ತಿನಲ್ಲಿ ಇಂಟರ್ನೆಟ್ಟಿಗೂ ಒಳ್ಳೆ ಬುದ್ಧಿ ಇರುತ್ತದೆ, ಫೈಲುಗಳು ಸರಸರ ಏರಿ ಇಳಿಯುತ್ತವೆ. ಇವತ್ತು ಅವಸರವೂ ಇದೆ. ಹತ್ತು ಗಂಟೆಗೆ ಅಂಧ ಮಕ್ಕಳ ಶಾಲೆಯಲ್ಲಿ ಇತಿಹಾಸದ ಪರೀಕ್ಷೆ, ಕೊನೆಯ ಪಾಠ ಇನ್ನೂ ಮಕ್ಕಳ ಕೈಸೇರಿಲ್ಲ.

ಆ ಹದಿನೇಳು ಮಕ್ಕಳ ಹತ್ತಿರ ಅಂಗೈಯಗಲದ ಹಳೇ ಪ್ಲೇಯರ್‌ಗಳಿವೆ. ಎಂಪಿ3 ರೂಪದ ಫೈಲು ಬಿಟ್ಟು ಬೇರೆ ಯಾವುದಕ್ಕೂ ಅವು ಜಪ್ಪಯ್ಯ ಅನ್ನುವುದಿಲ್ಲ. ಪಾಠ ಓದಿ ಕಳಿಸುವ ಶಾಲೆಯ ಮೇಷ್ಟ್ರ ಫೋನೋ, ತನಗೆ ತೋಚಿದ ರೂಪದಲ್ಲೇ ದನಿ ಮುದ್ರಿಸಿಕೊಳ್ಳುತ್ತದೆ. ಇವೆರಡರ ನಡುವೆ ರಾಜಿ ಮಾಡಿಸುವವಳು ಟೇಪಕ್ಕ. ದಿನಕ್ಕೆ ಎಂಟೊಂಬತ್ತು ಫೈಲು, ಮೂರು ಗಂಟೆ ಕೇಳುವ ಕೆಲಸ.

ಇಪ್ಪತ್ತೆರಡು ವರ್ಷ ಆಕೆ ಕ್ಯಾಸೆಟ್ ನಕಲು ಮಾಡುವ ಅಂಗಡಿ ನಡೆಸಿದವಳು, ಹೆಸರು ಅಂಟಿದ್ದು ಅಲ್ಲೇ. ಕ್ಯಾಸೆಟ್ ಕಾಲ ಮುಗಿದು ಅಂಗಡಿಗೆ ಬೀಗ ಬಿತ್ತು. "ಎರಡು ವರ್ಷ ಯಾರದೋ ಆಫೀಸಲ್ಲಿ ನೆಲ ಒರೆಸಿದೆ. ಕೈಗೆ ಕೆಲಸ ಇತ್ತು, ಕಿವಿಗೆ ಇರಲಿಲ್ಲ" ಎನ್ನುತ್ತಾಳೆ. ಆನ್‌ಲೈನಿನಲ್ಲಿ ಆಡಿಯೊ ಬದಲಾಯಿಸುವುದನ್ನು ಕಲಿಸಿದವಳು ಸೊಸೆ. "ಮೊದಮೊದಲು ಮೌಸ್ ಮುಟ್ಟೋಕೇ ಹೆದರ್ತಿದ್ರು. ಈಗ ನನಗೇ ಬೈತಾರೆ" ಎಂದು ಸೊಸೆ ನಗುತ್ತಾಳೆ.

ಇವತ್ತಿನ ಫೈಲಿನಲ್ಲಿ ಮೇಷ್ಟ್ರು ಜಾಣತನ ತೋರಿಸಲು ಹೋಗಿ ಎಡವಟ್ಟು ಮಾಡಿದ್ದಾರೆ. ಫೈಲಿನ ಹೆಸರಿನ ಬಾಲ ಅಳಿಸಿ ತಾವೇ ಎಂಪಿ3 ಎಂದು ಬರೆದಿದ್ದಾರೆ. ಫೈಲಿನ ರೂಪ ಬದಲಾಯಿಸಿಕೊಡುವ ವೆಬ್‌ಸೈಟು ಅದನ್ನು ಒಳಗೇ ಬಿಟ್ಟುಕೊಳ್ಳುತ್ತಿಲ್ಲ. "ಬೋರ್ಡು ಬದಲಾಯಿಸಿದ್ರೆ ಅಂಗಡಿಯೊಳಗಿನ ಸಾಮಾನು ಬದಲಾಗುತ್ತಾ ಮೇಷ್ಟ್ರೇ?" ಎಂದು ಫೋನಿನಲ್ಲೇ ರೇಗಿಸಿ, ಹಳೇ ಬಾಲ ಅಂಟಿಸಿ ಮತ್ತೆ ಹಾಕುತ್ತಾಳೆ. ಈ ಸಲ ಕೆಲಸ ಆಗುತ್ತದೆ.

ಬೇರೆಯವರಾದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಟೇಪಕ್ಕ ಮೊದಲಿಂದ ಕೇಳುತ್ತಾಳೆ. ಇಪ್ಪತ್ತಾರು ನಿಮಿಷದ ಪಾಠ ಇಪ್ಪತ್ತಕ್ಕೇ, ಮಾತಿನ ನಡುವೆ, ಕತ್ತರಿಸಿ ಹೋಗಿದೆ. ಬಿಟ್ಟಿ ವೆಬ್‌ಸೈಟು ಕೊಡುವುದೇ ಅಷ್ಟು. ಮೂಲ ಫೈಲನ್ನು ಎರಡು ತುಂಡು ಮಾಡಿ, ಒಂದೊಂದನ್ನೇ ಬದಲಾಯಿಸಿ, ಸೇರಿಸಿ, ಮತ್ತೆ ಮೊದಲಿಂದ ಕೇಳಲು ಕೂರುತ್ತಾಳೆ.

"ಹೊತ್ತಾಯ್ತು ಅತ್ತೆ, ಬರೀ ಕೊನೆ ಕೇಳಿ ಕಳಿಸಿಬಿಡಿ" ಎನ್ನುತ್ತಾಳೆ ಎದ್ದು ಬಂದ ಸೊಸೆ.

"ಮಧ್ಯದಲ್ಲಿ ಒಂದು ಮಾತು ನುಂಗಿದ್ರೆ? ಕಣ್ಣಿದ್ದೋರು ಪುಸ್ತಕ ತಿರುವಿ ನೋಡ್ಕೋತಾರೆ. ಈ ಮಕ್ಕಳಿಗೆ ಇದೇ ಪುಸ್ತಕ ಕಣಮ್ಮಾ."

ಆರೂಮುಕ್ಕಾಲಿಗೆ ಫೈಲು ಮೇಷ್ಟ್ರಿಗೆ ಹೋಗುತ್ತದೆ. ಎಂಟರೊಳಗೆ ಹದಿನೇಳು ಪ್ಲೇಯರ್‌ಗಳೂ ತುಂಬಿದ ಸುದ್ದಿ ಬರುತ್ತದೆ. ಆದರೂ ಮಧ್ಯಾಹ್ನದವರೆಗೆ ಟೇಪಕ್ಕನ ಜೀವ ಕೈಯಲ್ಲಿ.

ಒಂದೂವರೆಗೆ ಮೇಷ್ಟ್ರ ಫೋನು. ಆರು ಅಂಕದ ಪ್ರಶ್ನೆ ಕತ್ತರಿಸಿಹೋಗಿದ್ದ ಆ ಕೊನೆಯ ಆರು ನಿಮಿಷದ್ದೇ. ಹದಿನೇಳು ಮಕ್ಕಳೂ ಪಕ್ಕದಲ್ಲಿ ಕೂತು ಬರೆದುಕೊಡುವವರಿಗೆ ಉತ್ತರ ಹೇಳಿ ಬರೆಸಿದ್ದಾರೆ.

"ಏನು ಕೇಳಿದ್ರು?"

"ಹಳೇ ಬಂದರು ಯಾಕೆ ಪಾಳು ಬಿತ್ತು ಅಂತ."

"ನದಿಯಲ್ಲಿ ಹೂಳು ತುಂಬ್ತು, ದೊಡ್ಡ ಹಡಗು ಬರೋದು ನಿಂತೋಯ್ತು, ವ್ಯಾಪಾರಸ್ಥರು ಹೊಸ ಬಂದರಿಗೆ ಹೋದ್ರು" ಎಂದು ಟೇಪಕ್ಕ ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಆಕೆ ಶಾಲೆ ಬಿಟ್ಟಿದ್ದು ಏಳನೇ ಕ್ಲಾಸಿಗೆ.

"ಮೂರು ವರ್ಷದ ಪಾಠ ಕೇಳಿದೀನಿ ಮೇಷ್ಟ್ರೇ, ಒಂದು ಮಾತೂ ಬಿಟ್ಟಿಲ್ಲ. ಮುಂದಿನ ವರ್ಷ ಪರೀಕ್ಷೆಗೆ ನಂದೂ ಒಂದು ಅರ್ಜಿ ಹಾಕಿ."