ಹಾಸಿಗೆಯಡಿಯ ಪ್ಯಾಂಟು

“ಮಕ್ಕಳೇ, ಪೆನ್ಸಿಲ್ಲಿನ ಗ್ರಾಫೈಟಿನಂಥ ವಸ್ತು ಪದರ ಪದರ ಇರ್ತದ. ಸುಮ್ಮನ ಬಿಟ್ರ ಪದರಗಳು ಒಂದರ ಮ್ಯಾಲೊಂದು ಸಲೀಸಾಗಿ ಜಾರ್ತಾವ. ಮ್ಯಾಲಿಂದ ಒತ್ತಿದ್ರ ನಡುವಿನ ಸಂದು ಕಿರಿದಾಗಿ ಒಂದನ್ನೊಂದು ಗಟ್ಟಿ ಹಿಡೀತಾವ. ಆಮ್ಯಾಲೆ ಜಾರೂದು ಭಾಳ ಕಷ್ಟ.”

ಪುಣೆಯ ಬಿಬವೇವಾಡಿಯ ಮನೆಯಲ್ಲಿ ಮಂಚದ ಮೇಲೆ ಕುಳಿತು ಮಧುಕರರಾಯರು ನಾಳೆ ರೈಲಿನಲ್ಲಿ ಹೋಗಿ ಶಾಲೆಯೊಂದರಲ್ಲಿ ಮಾಡಬೇಕಿದ್ದ ಭಾಷಣ ಒಪ್ಪಿಸುತ್ತಿದ್ದರು. ಪ್ರಯೋಗಾಲಯದಲ್ಲಿ ಇಂಥ ಪದರಗಳನ್ನು ಒತ್ತಿ ನೋಡುವುದೇ ಅವರ ಕೆಲಸ. ಹೋದ ವರ್ಷ ದೌಂಡದ ಶಾಲೆಯಲ್ಲಿ ಇದನ್ನೇ ಹೇಳಿದಾಗ ಮಕ್ಕಳು ತೂಕಡಿಸಿದ್ದರು. ಈ ಸಲ ಹಾಗಾಗಬಾರದಿತ್ತು.

ಇಸ್ತ್ರಿಯ ಬದಲು ಹಾಸಿಗೆಯಡಿ ಮಡಚಿಟ್ಟಿದ್ದ ಅವರ ಪ್ಯಾಂಟನ್ನು ಹೆಂಡತಿ ಇಂದೂಬಾಯಿ ಎಳೆದರು. ಬರಲಿಲ್ಲ.

“ಏಳ್ರಿ! ನಿಮ್ಮ ಭಾರಕ್ಕ ಇದೂ ಜಾರವಲ್ದು.”

ರಾಯರು ಎದ್ದರು, ಪ್ಯಾಂಟು ಸರ್ರನೆ ಬಂತು. ಅವರ ಮುಖ ಅರಳಿತು. “ತಿರುಗಿ ಇಡು, ಕೂಡ್ತೀನಿ, ಎಳಿ! ಮಕ್ಕಳಿಗೆ ಇದನ್ನ ತೋರಸ್ತೀನಿ.”

“ಹಾಸಿಗಿ ಹೊತ್ಕೊಂಡ ರೈಲು ಹತ್ರಿ ಮತ್ತ,” ಎಂದು ನಕ್ಕ ಇಂದೂಬಾಯಿ, ಚಾದರ ಕೊಡವಿ ಹಾಸತೊಡಗಿದರು.